ಗೆರೆಯ ಮೆಟ್ಟಿಲು

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಒಬ್ಬರು ಗುರುಗಳು. ಗುಂಡಾಚಾರ್ಯರೆಂದು ಅವರ ಹೆಸರು.

ಬೆಳಿಗ್ಗೆ ಸ್ನಾನ, ಪೂಜೆ, ಪಾರಾಯಣ. ಊಟವಾದ ಮೇಲೆ ಪಡಸಾಲೆಯಲ್ಲಿ ಕಂಪ್ಯೂಟರಿನ ಪಾಠ. ಯಂತ್ರಕ್ಕೆ ಬುದ್ಧಿ ಬರೆಯುವ ವಿದ್ಯೆಯನ್ನು ಅವರು ಹೇಳಿಕೊಡುತ್ತಿದ್ದರು. ಕಲಿಯಬೇಕೆಂದು ಬಂದವರು ಉಂಡುಕೊಂಡು ಅಲ್ಲಿಯೇ ಇರುತ್ತಿದ್ದರು.

ಆ ಹೊಳೆಗೆ ಮೇಲೆ ಒಂದು ಅಣೆಕಟ್ಟು. ಸಂಜೆ ನೀರು ಬಿಡುವುದು ವಾಡಿಕೆ, ಆದರೆ ಇಂಥದೇ ಗಳಿಗೆ ಎಂದಿರಲಿಲ್ಲ. ಅದರ ಬಾಗಿಲು ತೆರೆದರೆಂದರೆ ಕೆಳಗಿನವರಿಗೆ ಹೇಳದೆ ಕೇಳದೆ ನೀರು ಬರುತ್ತಿತ್ತು. ಅದಕ್ಕೆಂದು ಗುರುಗಳು ಒಂದೊಂದು ಸ್ನಾನಘಟ್ಟದ ಕಂಬಕ್ಕೂ ಒಂದು ಪೆಟ್ಟಿಗೆ ಕೂರಿಸಿದ್ದರು. ಪೆಟ್ಟಿಗೆಯಿಂದ ಅಳತೆಕೋಲೊಂದು ನೀರಿಗೆ ಇಳಿದಿರುತ್ತಿತ್ತು. ನೀರು ಕೋಲಿನ ಮೇಲಿನ ಗೆರೆ ಮುಟ್ಟಿದರೆ ಪೆಟ್ಟಿಗೆ ಗಂಟೆ ಹೊಡೆಯುತ್ತಿತ್ತು.

ಗಂಟೆ ಕೇಳಿದರೆ ಹರಿಗೋಲಿನವರು ದಂಡೆಗೆ ಬರುವರು. ಬಟ್ಟೆ ಒಗೆಯುವವರು ಮೇಲಕ್ಕೆ ಹತ್ತುವರು. ಅಷ್ಟೇ ಅದರ ಕೆಲಸ.

ಆ ಪೆಟ್ಟಿಗೆಗಳ ಒಳಗಿನ ಕರ್ನಲ್ ಬರೆದವರು ಗುರುಗಳೇ. ಯಂತ್ರದಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗಿಂತ ಕೊನೆಗೆ ಮಲಗುವ ಬರಹಕ್ಕೆ ಕರ್ನಲ್ ಎನ್ನುತ್ತಾರೆ. ಮನೆಗೆ ಗೃಹಿಣಿ ಇದ್ದ ಹಾಗೆ. ಆಕೆ ಎದ್ದು ಒಲೆ ಹಚ್ಚಿದ ಮೇಲೆ ತಾನೇ ಉಳಿದವರಿಗೆ ಬೆಳಗಾಗುವುದು.

ಶಿಷ್ಯರಲ್ಲಿ ಪವಮಾನ ಎಂಬವನು ಚುರುಕು. ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

ಗುರುಗಳ ಕಣ್ಣಿಗೆ ಪೊರೆ ಬರುತ್ತಿತ್ತು. ಕರ್ನಲ್ಲಿನ ಹೆಡರ್ ಫೈಲನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಆ ಫೈಲು ತನ್ನ ಕೈಗೆ ಬರಬೇಕೆಂದು ಪವಮಾನನ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಆಶ್ರಮದಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಗುರುಗಳು ಅವನನ್ನು ಕರೆದರು.

"ಹೆಡರ್ ಫೈಲು ನೋಡಿದ್ದೀಯೇನೋ?"

"ನೋಡಿದ್ದೇನೆ ಗುರುಗಳೇ."

"ಹೇಗಿದೆ?"

ಪವಮಾನ ತಲೆ ಕೆರೆದುಕೊಂಡ. "ನಿಜ ಹೇಳಲೇ?"

"ಸುಳ್ಳು ಕೇಳಬೇಕಿದ್ದರೆ ನಿನ್ನನ್ನೇ ಯಾಕೆ ಕರೆಯಲಿ? ಊರು ತುಂಬ ಜನ ಇದ್ದಾರೆ."

"ಮದುವೆ ಮುಗಿದ ಮನೆಯ ಉಗ್ರಾಣ ಇದ್ದ ಹಾಗಿದೆ. ಯಾರು ಎಲ್ಲಿಟ್ಟರೋ ಅಲ್ಲಿಯೇ ಬಿದ್ದಿದೆ."

ಗುರುಗಳು ನಕ್ಕರು. "ಇಟ್ಟವನು ನಾನೇ. ಇರಲಿ, ಓರಣ ಮಾಡು. ಮ್ಯಾಕ್ರೋಗಳಿಂದ ಶುರು ಮಾಡು. ಮ್ಯಾಕ್ರೋ ಅಂದರೆ ಏನು, ಹೇಳು ನೋಡೋಣ."

ಪವಮಾನ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದ. ಗುರುಗಳು ಕೈ ಎತ್ತಿದರು.

"ಅದನ್ನು ಪುಸ್ತಕವೇ ಹೇಳುತ್ತದೆ. ನೀನು ನಿಮ್ಮ ಅಜ್ಜಿಗೆ ಹೇಳುವ ಹಾಗೆ ಹೇಳು."

ಪವಮಾನ ಮತ್ತೆ ಶುರು ಮಾಡಿದ.

"ಪುರೋಹಿತರ ಪುಸ್ತಕದಲ್ಲಿ ಸಂಕಲ್ಪ ಬರುವ ಕಡೆ ಅಮುಕ ಗೋತ್ರ, ಅಮುಕ ಶರ್ಮ ಅಂತ ಇರುತ್ತದೆ. ಬಾಯಲ್ಲಿ ಹೇಳುವಾಗ ಯಾರೂ ಅಮುಕ ಅನ್ನುವುದಿಲ್ಲ. ಆ ಜಾಗಕ್ಕೆ ಕರ್ತೃವಿನ ಗೋತ್ರ, ಕರ್ತೃವಿನ ಹೆಸರು ಬಂದು ಕೂರುತ್ತದೆ. ಮ್ಯಾಕ್ರೋ ಅಂದರೆ ಆ ಅಮುಕ. ನಾವು ಬರೆಯುವಾಗ ಒಂದು ಹೆಸರು ಬರೆಯುತ್ತೇವೆ. ಯಂತ್ರ ಓದುವುದರೊಳಗೆ ಹೆಸರು ಹೋಗಿ ಅದರ ಬೆಲೆ ಬಂದಿರುತ್ತದೆ."

"ಹೆಡರ್ ಫೈಲು?"

"ಯಾವ ಹೆಸರಿಗೆ ಯಾವ ಬೆಲೆ ಅಂತ ಒಂದೇ ಕಡೆ ಹೇಳಿಟ್ಟ ಜಾಗ. ಅಲ್ಲಿ ಒಂದು ಬೆಲೆ ಬದಲಾಯಿಸಿದರೆ ಸಾಕು. ಆ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಾಗುತ್ತದೆ."

"ಎಲ್ಲ ಕಡೆಯೂ?"

"ಎಲ್ಲ ಕಡೆಯೂ ಗುರುಗಳೇ."

"ಗೊತ್ತಿದೆಯಲ್ಲ. ಹೋಗು, ಶುರು ಮಾಡು."

ಪವಮಾನ ಕೆಲಸಕ್ಕೆ ಕುಳಿತ.

ಮೊದಲು ಸಿಕ್ಕಿದ್ದು ಆವರಣ ಚಿಹ್ನೆ ಹಾಕದ ಒಂದು ಮ್ಯಾಕ್ರೋ. ನೀರಿನ ಮಟ್ಟಕ್ಕೆ ಅಲೆಯ ಎತ್ತರ ಕೂಡಿಸು ಅಂತ ಅದರ ಬೆಲೆ. ಇನ್ನೊಂದು ಕಡೆ ಅದನ್ನು ಎರಡರಿಂದ ಗುಣಿಸಿತ್ತು. ಹೆಸರು ಹೋಗಿ ಬೆಲೆ ಬಂದು ಕೂತಾಗ ಆ ಗುಣಾಕಾರ ಅಲೆಯೊಂದಕ್ಕೇ ತಗುಲಿ, ಮಟ್ಟ ಹೊರಗೆ ಉಳಿಯುತ್ತಿತ್ತು. ಪವಮಾನ ಎರಡೂ ಕಡೆ ಆವರಣ ಹಾಕಿ ಕೂಡಿಸುವುದನ್ನು ಒಳಗೆ ಕಟ್ಟಿದ. ಗುರುಗಳು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿದರು.

"ಒಳ್ಳೆಯದು. ಇದು ನನ್ನ ಕಣ್ಣು ಚೆನ್ನಾಗಿದ್ದಾಗಲೇ ಬಿಟ್ಟದ್ದು."

ಆಮೇಲೆ ಸಿಕ್ಕಿದ್ದು ಕೆಂಪು ದೀಪದ ಹೆಸರು. ಮೊದಲು ಪೆಟ್ಟಿಗೆಗಳ ತಲೆಯ ಮೇಲೆ ಕೆಂಪು ದೀಪ ಇರುತ್ತಿತ್ತಂತೆ.

"ಇದನ್ನು ತೆಗೆಯುತ್ತೇನೆ ಗುರುಗಳೇ. ಕರ್ನಲ್ ಪೂರ್ತಿ ಹುಡುಕಿದೆ. ಈ ಹೆಸರು ಯಾರಿಗೂ ಬೇಕಾಗಿಲ್ಲ."

"ಕರ್ನಲ್ಲಿನಲ್ಲಿ ಹುಡುಕಿದೆ. ಘಟ್ಟಗಳಲ್ಲಿ ಕೇಳಿದೆಯಾ?"

"ಘಟ್ಟದಲ್ಲಿ ಏನು ಕೇಳುವುದು?"

"ಹೆಡರ್ ಅನ್ನುವುದು ಮನೆಯ ಹೊರಗಿನ ಜಗಲಿ ಕಣೋ. ಅಲ್ಲಿ ನಿನ್ನ ಮನೆಯವರು ಮಾತ್ರ ಕೂರುವುದಿಲ್ಲ. ಹೊರಗಿನವರು ಬಂದು ಕೂತಿರುತ್ತಾರೆ. ಜಗಲಿ ಕೀಳುವ ಮುಂಚೆ ಯಾರಾದರೂ ಕೂತಿದ್ದಾರೆಯೇ ಅಂತ ಒಂದು ಕೂಗು ಹಾಕಬೇಕು."

ಪವಮಾನ ಘಟ್ಟದಿಂದ ಘಟ್ಟಕ್ಕೆ ಕೇಳಿಕೊಂಡು ಹೋದ. ಎಲ್ಲಿಯೂ ದೀಪ ಇರಲಿಲ್ಲ. ಕೊನೆಗೆ ಹರಿಗೋಲಿನ ಅಂಬಣ್ಣ ಸಿಕ್ಕಿದ. ಆಶ್ರಮದ ಕೆಳಗಿನ ಘಟ್ಟದಲ್ಲಿ ಜನರನ್ನು ಹೊಳೆ ದಾಟಿಸುವವನು ಅವನೇ. ಬಹಳ ಗಿಡ್ಡ ಆಳು. ಹರಿಗೋಲು ಹೊತ್ತು ನಡೆದನೆಂದರೆ ಹರಿಗೋಲೇ ನಡೆದುಬಂದ ಹಾಗೆ ಕಾಣುತ್ತಿತ್ತು.

"ಅಂಬಣ್ಣಾ, ನಿಮ್ಮ ಘಟ್ಟದ ಪೆಟ್ಟಿಗೆಗೆ ಕೆಂಪು ದೀಪ ಇದೆಯೇ?"

"ಇತ್ರಿ ಸಣ್ಣ ಆಚಾರ್ರ. ನೀವು ಬರೋಕಿಂತ ಮೊದ್ಲ ಮಂಗ್ಯಾ ಕಿತ್ಕೊಂಡು ಹೋತು."

"ಹಾಗಾದರೆ ಈಗ ದೀಪ ಬೇಡವೇ?"

"ಮಂಗ್ಯಾನ್ನ ಕೇಳ್ರಿ. ನನಗಂತೂ ಗಂಟಿ ಒಂದು ಇದ್ರ ಸಾಕ್ರಿ. ನಡು ಹೊಳಿಯಾಗ ಇದ್ದಾಗ ದೀಪ ನೋಡಾಕ ಯಾರಿಗೆ ಪುರಸತ್ತು? ಕಿವಿಗೆ ಗಂಟಿ ಬಿತ್ತು ಅಂದ್ರ ದಂಡಿಗೆ ತಿರುಗಸ್ತೀನಿ."

"ದಂಡೆ ಮುಟ್ಟುವಷ್ಟರಲ್ಲಿ ನೀರು ಎಷ್ಟು ಬಂದಿರುತ್ತದೆ?"

"ನಿಮ್ಮಂಥೋರಿಗೆ ಮೊಣಕಾಲ ಮಟ. ನನಗ ತೊಡಿ ಮಟ." ಅಂಬಣ್ಣ ತನ್ನ ಕಾಲನ್ನೇ ನೋಡಿಕೊಂಡ. "ದೇವರು ನನ್ನ ಮಾಡೋ ಮುಂದ ಮಣ್ಣು ಕಡಿಮಿ ಬಿದ್ದಿತ್ತು ಕಾಣ್ತದ್ರಿ."

ಪವಮಾನ ನಗುತ್ತ ಹಿಂತಿರುಗಿದ. ಬಂದವನು ಮತ್ತೆ ಫೈಲಿಗೆ ಕುಳಿತು ದೀಪದ ಹೆಸರು ತೆಗೆದ. ಆಗ ಅವನ ಕಣ್ಣಿಗೆ ಬಿದ್ದದ್ದು ಎರಡು ಹೆಸರು.

ಒಂದು, ಸುದ್ದಿಯ ತಡೆ. ನೀರು ಎಷ್ಟಿದೆ ಎಂದು ಪೆಟ್ಟಿಗೆ ಆಶ್ರಮಕ್ಕೆ ಆಗಾಗ ಸುದ್ದಿ ಕಳಿಸುತ್ತಿತ್ತು. ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವೆ ಪೆಟ್ಟಿಗೆಯೊಳಗಿನ ಗಡಿಯಾರದ ಎಷ್ಟು ಮಿಡಿತ ಕಾಯಬೇಕೆಂದು ಅದು ಹೇಳುತ್ತಿತ್ತು. ಅದರ ಬೆಲೆ ಹತ್ತು.

ಇನ್ನೊಂದು, ಗಂಟೆಯ ತಡೆ. ಎಮ್ಮೆಯೊಂದು ನೀರಿಗೆ ಇಳಿದು ಅಲೆ ಎದ್ದರೂ ಗೆರೆ ನೆನೆಯುವುದುಂಟು. ಅದಕ್ಕೆ ಪೆಟ್ಟಿಗೆ ಸ್ವಲ್ಪ ತಡೆದು, ಇನ್ನೊಮ್ಮೆ ನೋಡಿ, ನೀರು ಆಗಲೂ ಗೆರೆಯ ಮೇಲೆ ಇದ್ದರೆ ಮಾತ್ರ ಗಂಟೆ ಹೊಡೆಯುತ್ತಿತ್ತು. ಎಷ್ಟು ಮಿಡಿತ ತಡೆಯಬೇಕೆಂದು ಇದು ಹೇಳುತ್ತಿತ್ತು. ಇದರ ಬೆಲೆಯೂ ಹತ್ತು.

ಪವಮಾನ ಗುರುಗಳ ಬಳಿಗೆ ಹೋದ.

"ಗುರುಗಳೇ, ಒಂದೇ ಬೆಲೆಗೆ ಎರಡು ಹೆಸರು ಇದೆ. ಎರಡೂ ಕಾಯುವುದಕ್ಕೇ ಇರುವುದು. ಒಂದು ಸಾಕಲ್ಲವೇ?"

ಗುರುಗಳು ಗೋಡೆಗೆ ಒರಗಿದರು.

"ಬಾಯಾರಿದೆ. ನೀರು ತಾ."

ಪವಮಾನ ನೀರು ತಂದುಕೊಟ್ಟ. ಗುರುಗಳು ತಾಮ್ರದ ತಂಬಿಗೆಯನ್ನು ತಿರುಗಿಸಿ ನೋಡಿದರು.

"ದೇವರ ಮನೆಯಲ್ಲೂ ಇಂಥದೇ ಒಂದು ಇದೆಯಲ್ಲ?"

"ಇದೆ ಗುರುಗಳೇ. ಎರಡನ್ನೂ ಒಂದೇ ಅಂಗಡಿಯಿಂದ ತಂದದ್ದು."

"ಅಳತೆ?"

"ಅದೂ ಒಂದೇ."

"ಹಾಗಾದರೆ ಒಂದನ್ನು ಅಟ್ಟಕ್ಕೆ ಹಾಕೋಣ. ಜಾಗವಾದರೂ ಉಳಿಯುತ್ತದೆ."

ಪವಮಾನ ಗಾಬರಿಯಾದ. "ಛೆ ಛೆ! ಅದು ಮಡಿಯಲ್ಲಿ ಅಭಿಷೇಕಕ್ಕೆ ನೀರು ತರುವ ತಂಬಿಗೆ. ಇದು ಬಚ್ಚಲಿಗೂ ಹೋಗುತ್ತದೆ. ಒಂದೇ ಮಾಡುವುದು ಹೇಗೆ?"

"ಹೌದೇ?" ಎಂದರು ಗುರುಗಳು. ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟರು.

ಗುರುಗಳಿಗೆ ಬಾಯಾರಿಕೆಯಾಗಿತ್ತು ಅಂದುಕೊಂಡ ಪವಮಾನ. ಹೋಗಿ ಎರಡು ಹೆಸರು ಅಳಿಸಿ, ತಡೆ ಅಂತ ಒಂದೇ ಹೆಸರು ಇಟ್ಟ. ಕರ್ನಲ್ ಪೂರ್ತಿ ಆ ಎರಡು ಹೆಸರು ಇದ್ದಲ್ಲೆಲ್ಲ ಈ ಒಂದನ್ನು ಹಾಕಿದ. ಫೈಲು ನೋಡಲು ಅಚ್ಚುಕಟ್ಟಾಗಿ ಕಂಡಿತು.

ಆ ಆಶ್ರಮಕ್ಕೆ ಒಂದು ಪದ್ಧತಿ ಇತ್ತು.

ಹೊಸ ಬರಹ ಯಾವುದೇ ಇರಲಿ, ಮೊದಲು ಆಶ್ರಮದ ಸ್ವಂತ ಘಟ್ಟದ ಪೆಟ್ಟಿಗೆಗೆ ಹೋಗಬೇಕು. ಅದನ್ನು ಓದಿ ಒಪ್ಪಿದವರು, ಅಣೆಕಟ್ಟಿನಿಂದ ಸಂಜೆಯ ನೀರು ಬಿಡುವ ಹೊತ್ತಿಗೆ, ಕೋಲಿನ ಗೆರೆಯ ಮಟ್ಟಕ್ಕೇ ಕೆಂಪು ಗೆರೆ ಎಳೆದ ಮೆಟ್ಟಿಲ ಮೇಲೆ ಹೋಗಿ ಕೂರಬೇಕು. ಗಂಟೆ ಹೊಡೆದರೆ ಏಳಬೇಕು. ಅದಕ್ಕೆ ಮೊದಲು ಏಳುವ ಹಾಗಿಲ್ಲ. ಆಮೇಲೆ ಆ ಬರಹ ಉಳಿದ ಘಟ್ಟಗಳಿಗೆ ಹೋಗುತ್ತಿತ್ತು.

ಅಲ್ಲಿ ಒಪ್ಪಿಗೆಗೆ ಯಾರೂ ರುಜು ಹಾಕುತ್ತಿರಲಿಲ್ಲ. ಕೂತು ಎದ್ದು ಬರುವುದೇ ಒಪ್ಪಿಗೆ.

ಗುರುಗಳು ಪವಮಾನನ ಫೈಲು ಓದಿದರು. ಒಪ್ಪಿದ್ದೇನೆ ಎಂದರು. ಸಂಜೆ ಹೋಗಿ ಗೆರೆಯ ಮೆಟ್ಟಿಲ ಮೇಲೆ ಕುಳಿತರು. ನೀರು ಬಂತು. ಗೆರೆ ಮುಟ್ಟಿತು. ಸ್ವಲ್ಪ ತಡೆದು ಗಂಟೆ ಹೊಡೆಯಿತು. ಗುರುಗಳು ಎದ್ದರು. ಪಂಚೆಯ ಅಂಚು ಮಾತ್ರ ನೆನೆದಿತ್ತು.

"ಗುರುಗಳೇ, ಉಳಿದ ಘಟ್ಟಗಳಿಗೆ ಕಳಿಸಲೇ?"

"ಅವಸರ ಏನಿದೆ? ಇದಕ್ಕೆ ಇನ್ನೊಂದು ಕೆಲಸ ಕೂಡಿಸು. ಆಷಾಢ ಬಂತು. ಮೋಡ ಕವಿದರೆ ಪೆಟ್ಟಿಗೆಗಳಿಗೆ ಬಿಸಿಲು ಸಿಗುವುದಿಲ್ಲ. ಸುದ್ದಿ ಕಳಿಸಿ ಕಳಿಸಿ ಬ್ಯಾಟರಿ ಸಾಯುತ್ತದೆ. ಸುದ್ದಿ ಅಷ್ಟು ಸಲ ಬೇಡ. ಮುನ್ನೂರು ಮಿಡಿತಕ್ಕೆ ಒಂದು ಬಂದರೆ ಸಾಕು."

ಪವಮಾನನ ಮುಖ ಅರಳಿತು. ಪಡಸಾಲೆಗೆ ಬಂದ ಕೂಡಲೇ ಕುಳಿತು, ಹತ್ತು ಇದ್ದದ್ದನ್ನು ಮುನ್ನೂರು ಮಾಡಿದ.

"ಆಯಿತು ಗುರುಗಳೇ."

"ಆಗಲೇ?"

"ಒಂದೇ ಕಡೆ ಬದಲಾಯಿಸಿದರೆ ಸಾಕಿತ್ತು. ಓರಣ ಮಾಡಿದ್ದರ ಪುಣ್ಯ."

"ಪುಣ್ಯ ಎಷ್ಟು ಅಂತ ನಾಳೆ ಕೂತು ನೋಡುತ್ತೇನೆ," ಎಂದರು ಗುರುಗಳು.

ಮರುದಿನ ಸಂಜೆ ಗುರುಗಳು ಗೆರೆಯ ಮೆಟ್ಟಿಲ ಮೇಲೆ ಕುಳಿತರು. ಒಂದು ಕೈಯಲ್ಲಿ ಜಪಮಣಿ. ಇನ್ನೊಂದು ಕೈ ಮೆಟ್ಟಿಲ ಪಕ್ಕದ ಕಬ್ಬಿಣದ ಸರಪಳಿಯ ಮೇಲೆ. ಪವಮಾನ ಮೇಲೆ ಪೆಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದ.

ಮೋಡ ಕವಿದಿತ್ತು. ನೀರು ಬಂತು. ನಿನ್ನೆಗಿಂತ ಜೋರಾಗಿಯೇ ಬಂತು.

"ಗುರುಗಳೇ, ನೀರು ಗೆರೆ ಮುಟ್ಟಿತು."

"ಕಾಣುತ್ತಿದೆ. ಅದೂ ಕಾಣದಷ್ಟು ಪೊರೆ ಬಂದಿಲ್ಲ."

ಪಂಚೆಯ ಅಂಚು ನೆನೆಯಿತು. ಪಾದ ಮುಳುಗಿತು. ಮೊಣಕಾಲ ಕೆಳಗೆ ನೀರು ಸುತ್ತತೊಡಗಿತು.

"ಗಂಟೆ ಹೊಡೆಯಲಿಲ್ಲವಲ್ಲ ಗುರುಗಳೇ."

"ಎಮ್ಮೆ ಇಳಿಯಿತೋ ಏನೋ ಅಂತ ಇನ್ನೊಮ್ಮೆ ನೋಡುತ್ತಿರಬೇಕು."

"ಇಷ್ಟು ಹೊತ್ತು ನೋಡುವುದಿಲ್ಲ. ಅದು ಹತ್ತೇ ಮಿಡಿತ ಕಾಯುವುದು."

"ಹತ್ತೇ?" ಎಂದು ಕೇಳಿದರು ಗುರುಗಳು. ತಿರುಗಿ ನೋಡಲಿಲ್ಲ.

ಪವಮಾನ ಕಂಬ ಬಿಟ್ಟು ಮುಂದೆ ಬಂದ. ನಿನ್ನೆ ತಾನು ಯಾವ ಹತ್ತನ್ನು ಮುನ್ನೂರು ಮಾಡಿದ್ದು ಎಂದು ಆಗ ಹೊಳೆಯಿತು.

ನೀರು ಗುರುಗಳ ಮೊಣಕಾಲು ದಾಟಿತು.

"ಏಳಿ ಗುರುಗಳೇ! ಮೇಲೆ ಬನ್ನಿ!"

"ಗಂಟೆ ಹೊಡೆಯಲಿ."

"ಗಂಟೆ ಈಗ ಹೊಡೆಯುವುದಿಲ್ಲ!"

"ಯಾಕೆ?"

"ಅದು ಮುನ್ನೂರು ಮಿಡಿತ ಕಾಯುತ್ತಿದೆ."

"ನಾನು ಹೇಳಿದ್ದು ಸುದ್ದಿಗೆ. ಗಂಟೆಗೆ ಯಾರು ಹೇಳಿದರು?"

"ನಾನೇ ಹೇಳಿದ ಹಾಗಾಯಿತು. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೆ."

"ಹಾಗಾದರೆ ಕಾಯೋಣ."

"ತಪ್ಪು ಗೊತ್ತಾಯಿತು ಗುರುಗಳೇ. ದಯವಿಟ್ಟು ಏಳಿ. ನಾನು ಈಗಲೇ ಸರಿ ಮಾಡುತ್ತೇನೆ."

"ತಪ್ಪು ನಿನಗೆ ಗೊತ್ತಾಗಿದೆ. ಪೆಟ್ಟಿಗೆಗೆ ಗೊತ್ತಾಗಿಲ್ಲ. ಇವತ್ತು ಇಲ್ಲಿ ಅಂಬಣ್ಣ ಇದ್ದಿದ್ದರೆ ಅವನಿಗೂ ಗೊತ್ತಾಗುತ್ತಿರಲಿಲ್ಲ. ಗಂಟೆ ಹೊಡೆದಿಲ್ಲ, ಇನ್ನೂ ಹೊತ್ತಿದೆ ಅಂತ ಹುಟ್ಟು ಹಾಕುತ್ತಿರುತ್ತಿದ್ದ."

ನೀರು ಸೊಂಟಕ್ಕೆ ಬಂತು.

ಪವಮಾನ ಕಂಬಕ್ಕೆ ಹಾರಿ ಗಂಟೆಯ ನಾಲಿಗೆಗೆ ಕೈ ಹಾಕಿದ. ಗುರುಗಳು ಕೆಳಗಿನಿಂದ ಗದರಿಸಿದರು. ಅಷ್ಟು ಹೊತ್ತಿನಲ್ಲಿ ಅವರು ದನಿ ಎತ್ತಿದ್ದು ಅದೊಂದೇ ಸಲ.

"ಕೈಯಲ್ಲಿ ಹೊಡೆಯಬೇಡ! ಹೊಳೆಯ ಎಲ್ಲ ಘಟ್ಟಕ್ಕೂ ನಿನ್ನ ಕೈ ಮುಟ್ಟುತ್ತದೆಯೇನು?"

ಪವಮಾನ ಕೈ ತೆಗೆದ.

ಬೇರೆ ಏನೂ ಮಾಡುವುದಕ್ಕೆ ಉಳಿದಿರಲಿಲ್ಲ. ಮೆಟ್ಟಿಲು ಇಳಿದು ನೀರಿಗೆ ಬಂದ. ಗುರುಗಳ ಪಕ್ಕದಲ್ಲಿ ಗೆರೆಯ ಮೆಟ್ಟಿಲ ಮೇಲೆಯೇ ಕುಳಿತ. ಒಂದು ಕೈಯಲ್ಲಿ ಸರಪಳಿ ಹಿಡಿದ. ಇನ್ನೊಂದರಲ್ಲಿ ಅವರ ತೋಳು ಹಿಡಿದ. ತೋಳು ತೆಳ್ಳಗಿತ್ತು. ತಣ್ಣಗೆ ನಡುಗುತ್ತಿತ್ತು.

"ನೀರು ತಣ್ಣಗಿದೆ," ಎಂದ ಪವಮಾನ.

"ಹೌದು. ಬರೆಯುವಾಗ ಅದು ತಿಳಿಯುವುದಿಲ್ಲ."

ನೀರು ಎದೆಗೆ ಬಂತು. ಗುರುಗಳು ಜಪಮಣಿಯನ್ನು ಕೊರಳಿಗೆ ಹಾಕಿಕೊಂಡರು. ಪವಮಾನ ತನಗೆ ಬರುವ ಸ್ತೋತ್ರಗಳಲ್ಲಿ ಒಂದನ್ನಾದರೂ ಹೇಳಬೇಕೆಂದು ನೋಡಿದ. ಒಂದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಆ ಎರಡು ಹೆಸರುಗಳು ಮಾತ್ರ.

ಆಗ ಗಂಟೆ ಹೊಡೆಯಿತು.

ಗುರುಗಳು ಎದ್ದರು. ಪವಮಾನ ಅವರನ್ನು ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತಂದ. ಒಣಗಿದ ಉಣ್ಣೆಯ ಧಾವಳಿ ಹೊದಿಸಿದ. ಬಿಸಿ ಕಷಾಯ ಕಾಸಿ ಕೊಟ್ಟ. ಗುರುಗಳು ಕುಡಿದು ಮುಗಿಸುವ ತನಕ ಎದುರಿಗೆ ತಲೆ ತಗ್ಗಿಸಿ ನಿಂತಿದ್ದ.

"ಫೈಲು ಓದಿದಾಗಲೇ ನಿಮಗೆ ಈ ತಪ್ಪು ಕಂಡಿತ್ತೇ ಗುರುಗಳೇ?"

"ಕಂಡಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳದೆ ಏನು? ತಂಬಿಗೆ ಕೇಳಿದೆನಲ್ಲ."

ಪವಮಾನನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನ ಪಾಠದ ಹೊತ್ತಿಗೆ ಅವನು ಫೈಲು ತಂದು ಮುಂದಿಟ್ಟ. ಸುದ್ದಿಯ ತಡೆ ಬೇರೆ, ಗಂಟೆಯ ತಡೆ ಬೇರೆ ಆಗಿತ್ತು. ಗುರುಗಳು ಕನ್ನಡಿ ಹಿಡಿದು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಆವರಣ ಹಾಕಿದ್ದೆಯಲ್ಲ, ಅದು ಎಲ್ಲಿ ಹೋಯಿತು?"

"ತೆಗೆದುಬಿಟ್ಟೆ ಗುರುಗಳೇ. ಮೊದಲು ಹೇಗಿತ್ತೋ ಹಾಗೆಯೇ ಮಾಡಿದ್ದೇನೆ."

"ಕೆಂಪು ದೀಪದ ಹೆಸರು?"

"ಅದನ್ನೂ ಇರಲಿ ಅಂತ ಮತ್ತೆ ಇಟ್ಟಿದ್ದೇನೆ. ಯಾವುದನ್ನು ಮುಟ್ಟುವುದಕ್ಕೂ ಭಯವಾಗುತ್ತದೆ."

"ಮೊನ್ನೆ ಕಸದ ಜೊತೆಗೆ ತುಳಸಿಯನ್ನೂ ಗುಡಿಸಿದೆ. ಇವತ್ತು ಕಸಬರಿಗೆಯನ್ನೇ ಎಸೆದು ಬಂದೆಯಾ?"

ಗುರುಗಳು ಕನ್ನಡಿ ಕೆಳಗಿಟ್ಟರು.

"ಆವರಣ ಹಾಕಿದ್ದು ಸರಿಯೋ ತಪ್ಪೋ?"

"ಸರಿ."

"ದೀಪ ಯಾವ ಘಟ್ಟದಲ್ಲಾದರೂ ಇದೆಯೋ?"

"ಇಲ್ಲ. ಒಂದು ಮಂಗನ ಹತ್ತಿರ ಇರಬಹುದು."

"ಆ ಮಂಗ ನಮ್ಮ ಹೆಡರ್ ಓದುವುದಿಲ್ಲ. ತೆಗೆ."

ಪವಮಾನ ಫೈಲು ಎತ್ತಿಕೊಂಡ. ಹೊರಟವನು ಬಾಗಿಲಲ್ಲಿ ನಿಂತ.

"ಗುರುಗಳೇ, ಒಂದು ಕೇಳಲೇ? ಈ ಫೈಲಿನಲ್ಲಿ ಒಂದೇ ಬೆಲೆಯ ಹೆಸರುಗಳು ಇನ್ನೂ ಇವೆ. ಯಾವುವು ನಿಜವಾಗಿ ಒಂದೇ, ಯಾವುವು ಅಲ್ಲ ಅಂತ ಹೇಗೆ ತಿಳಿಯಲಿ?"

"ನಿಮ್ಮ ಮನೆಯ ಪಕ್ಕದಲ್ಲಿ ಯಾರಿದ್ದಾರೆ?"

"ಶ್ಯಾನುಭೋಗರ ಮನೆ."

"ಅವರಲ್ಲಿ ಸಾವಾದರೆ ನಿಮಗೆ ಸೂತಕ ಬರುತ್ತದೆಯೇ?"

"ಇಲ್ಲ."

"ದೂರದ ಊರಲ್ಲಿ ನಿಮ್ಮ ದಾಯಾದಿಗಳು ಯಾರಾದರೂ ಹೋದರೆ?"

"ಬರುತ್ತದೆ. ಹತ್ತು ದಿನ."

"ಹಾಗೆಯೇ ನೋಡು. ಒಂದಕ್ಕೆ ಏನಾದರೂ ಆದರೆ ಇನ್ನೊಂದಕ್ಕೂ ಆಗಲೇಬೇಕೋ ಅಂತ ಕೇಳು. ಆಗಲೇಬೇಕು ಅಂದರೆ ದಾಯಾದಿಗಳು, ಒಂದೇ ಹೆಸರಲ್ಲಿ ಕೂರಿಸು. ಇಲ್ಲ ಅಂದರೆ ಬರೀ ಒಂದೇ ಎತ್ತರದ ನೆರೆಯವರು."

ಪವಮಾನ ಹೋದ. ಈ ಸಲ ನಿಧಾನ ಮಾಡಿದ. ಒಂದೊಂದು ಹೆಸರನ್ನೂ ಹಿಡಿದು, ಅದು ಕರ್ನಲ್ಲಿನಲ್ಲಿ ಎಲ್ಲೆಲ್ಲಿ ಹೋಗಿ ಕೂರುತ್ತದೆಂದು ನೋಡಿಕೊಂಡು ಬಂದ. ಒಂದು ಕಡೆ ಅಳತೆಕೋಲಿನ ಉದ್ದಕ್ಕೆ ಎರಡು ಹೆಸರು ಸಿಕ್ಕಿದವು. ಕೋಲು ಬದಲಾದರೆ ಎರಡೂ ಬದಲಾಗಲೇಬೇಕು. ಅವನ್ನು ಒಂದು ಮಾಡಿದ. ಇನ್ನೊಂದು ಕಡೆ ಬೆಲೆ ಒಂದೇ ಇದ್ದ ಎರಡು ಹೆಸರುಗಳನ್ನು ಕೂಡಿಸಲು ಹೋಗಿ ಕೈ ತಡೆದು, ಎರಡನ್ನೂ ಇದ್ದ ಹಾಗೆ ಬಿಟ್ಟ. ಆವರಣ ಮತ್ತೆ ಹಾಕಿದ. ದೀಪ ತೆಗೆದ.

ಫೈಲು ಮೊದಲಿನಷ್ಟು ಅಚ್ಚುಕಟ್ಟಾಗಿ ಕಾಣಲಿಲ್ಲ. ಅವನು ಅದನ್ನು ಹಾಗೆಯೇ ಗುರುಗಳ ಮುಂದೆ ಇಟ್ಟ.

ಗುರುಗಳು ಕನ್ನಡಿ ಎತ್ತಿಕೊಳ್ಳಲಿಲ್ಲ. ಫೈಲು ನೋಡಲೂ ಇಲ್ಲ.

"ಓದಬೇಕಾದವನು ಇನ್ನು ನೀನು. ಒಪ್ಪಬೇಕಾದವನೂ ನೀನು. ಈ ಹೆಡರ್ ಇವತ್ತಿನಿಂದ ನಿನ್ನದು."

ಬಹಳ ದಿನ ಬಯಸಿದ ಮಾತು ಕಿವಿಗೆ ಬಿತ್ತು. ಪವಮಾನನಿಗೆ ಸಂತೋಷ ಆಗಬೇಕಿತ್ತು. ಅವನು ಫೈಲನ್ನು ಗುರುಗಳ ಕಡೆಗೇ ಸರಿಸಿದ.

"ನನಗೆ ಬೇಡ ಗುರುಗಳೇ. ನಾನು ನಿಮ್ಮನ್ನು ನೀರಿನಲ್ಲಿ ಕೂರಿಸಿದವನು."

"ಹೌದು. ಉಳಿದ ಶಿಷ್ಯರು ಯಾರೂ ಇನ್ನೂ ಕೂರಿಸಿಲ್ಲ. ಅವರಿಗೆ ಹೇಗೆ ಕೊಡಲಿ?"

ಪವಮಾನ ಅಡ್ಡಬಿದ್ದು ನಮಸ್ಕಾರ ಮಾಡಿದ. ಹೊಸ ಬರಹವನ್ನು ಆಶ್ರಮದ ಘಟ್ಟದ ಪೆಟ್ಟಿಗೆಗೆ ಹಾಕಿದ.

ಸಂಜೆ ಮೆಟ್ಟಿಲು ಇಳಿದು ಹೋಗಿ ಗೆರೆಯ ಮೇಲೆ ಕುಳಿತ. ಗುರುಗಳು ಮೇಲೆ ಕಂಬಕ್ಕೆ ಒರಗಿ ನಿಂತರು. ಹೊಳೆಯ ಆಚೆ ದಡದಿಂದ ಅಂಬಣ್ಣನ ಹರಿಗೋಲು ಹೊರಟಿತ್ತು. ಹುಲ್ಲು ಹೊರೆಯ ಹೆಂಗಸರು ಅದರಲ್ಲಿ ಕುಳಿತಿದ್ದರು. ಅವರ ಮಾತು, ನಗು ನೀರಿನ ಮೇಲೆ ಕೇಳುತ್ತಿತ್ತು.

ನೀರು ಬಂತು.

ಗೆರೆ ಮುಟ್ಟಿತು. ಪವಮಾನ ಕಣ್ಣು ಮುಚ್ಚಿಕೊಂಡ. ಮಿಡಿತ ಎಣಿಸಬೇಕೆಂದುಕೊಂಡವನು ಎಣಿಕೆ ತಪ್ಪಿದ.

ಗಂಟೆ ಹೊಡೆಯಿತು.

ಕೆಳಗಿನ ಘಟ್ಟದಲ್ಲಿಯೂ ಹಳೆಯ ಬರಹದ ಗಂಟೆ ಹೊಡೆಯಿತು. ಹರಿಗೋಲು ನಡು ಹೊಳೆಯಲ್ಲಿ ಒಂದು ಸುತ್ತು ತಿರುಗಿ ದಂಡೆಗೆ ಮುಖ ಮಾಡಿತು.

ಪವಮಾನ ಎದ್ದ. ಮೆಟ್ಟಿಲು ಹಾರಿ ಹಾರಿ ಮೇಲೆ ಬಂದ. ಪಂಚೆಯನ್ನು ಹಿಡಿದು ತೋರಿಸಿದ.

"ನೋಡಿ ಗುರುಗಳೇ, ಅಂಚು ಮಾತ್ರ ನೆನೆದಿದೆ! ಅಂಬಣ್ಣನ ಘಟ್ಟಕ್ಕೆ ಇವತ್ತೇ ಕಳಿಸಿಬಿಡಲೇ?"

ಗುರುಗಳು ಅವನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದರು. ಆಮೇಲೆ ದಂಡೆಯ ಬಳಿ ತೊಡೆಯ ಮಟ್ಟದ ನೀರಿಗೆ ಇಳಿದು ಹರಿಗೋಲು ಎಳೆಯುತ್ತಿದ್ದ ಅಂಬಣ್ಣನ ಕಡೆಗೆ ನೋಡಿದರು.

"ಅಂಬಣ್ಣ ನಿನಗಿಂತ ಗಿಡ್ಡ," ಎಂದರು. "ನಾಳೆ ಒಂದು ಮೆಟ್ಟಿಲು ಕೆಳಗೆ ಕೂತುಕೋ."